ಕರುಳಿನ ಬ್ಯಾಕ್ಟೀರಿಯಾ ಹಾಗೂ ವೈರಸ್‌ನಿಂದ ಬರುವ ಶ್ವಾಸಕೋಶದ ಕಾಯಿಲೆಗಳು

(ಕಡೂರು ತಾಲ್ಲೂಕು ಚೌಳಹಿರಿಯೂರು ಹೋಬಳಿಯ ಸಾರ್ವಜನಿಕರ ಮಾಹಿತಿಗಾಗಿ)

ಮನುಷ್ಯನ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿದ್ದು, ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಆಹಾರದಲ್ಲಿನ ಜೀರ್ಣವಾಗದ ನಾರಿನಂಶವನ್ನು ಇವು ಹುದುಗಿಸಿದಾಗ ಅಸಿಟೇಟ್ ಮೊದಲಾದ ಆಮ್ಲಗಳು ಉತ್ಪತ್ತಿಯಾಗಿ, ರಕ್ತದ ಮೂಲಕ ಸಾಗಿ, ದೂರದ ಶ್ವಾಸಕೋಶದಲ್ಲಿಯೂ ರೋಗನಿರೋಧಕ ಶಕ್ತಿಯ ಮೇಲೆ ಪರಿಣಾಮ ಬೀರುತ್ತವೆ. ರಾಗಿ ಮುದ್ದೆ, ಹುರುಳಿಕಾಳು ಹಾಗೂ ಸೊಪ್ಪಿನ ಸಾರಿನ ಊಟದಲ್ಲಿ ಈ ನಾರು ಸಾಕಷ್ಟಿರುತ್ತದೆ.

ನೆಗಡಿ ಮತ್ತು ಫ್ಲೂ ಜ್ವರ ವೈರಸ್‌ನಿಂದ ಬರುತ್ತವೆ. ಆಂಟಿಬಯೋಟಿಕ್ ಮಾತ್ರೆಗಳು ವೈರಸ್‌ನ ಮೇಲೆ ಕೆಲಸ ಮಾಡುವುದಿಲ್ಲ. ಬದಲಾಗಿ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಟಿಬಯೋಟಿಕ್ ನೀಡಲಾದ ಇಲಿಗಳ ದೇಹವು ಫ್ಲೂ ವೈರಸ್ಸನ್ನು ಎದುರಿಸುವಲ್ಲಿ ದುರ್ಬಲವಾಗಿದ್ದುದು ಕಂಡುಬಂದಿತು. ಇಲಿಗಳಲ್ಲಿ ಕಂಡದ್ದೆಲ್ಲವೂ ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದೆಂದು ಭಾವಿಸಬಾರದು. ಆದರೂ ನೆಗಡಿಯಾದ ಮೊದಲ ದಿನವೇ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುವ ರೂಢಿಯಿಂದ ಲಾಭವಿಲ್ಲ, ಹಾನಿಯುಂಟು. ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರಾಟ ಮಾಡುವುದು ಕಾನೂನುಬಾಹಿರ. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ಇದೇ ಔಷಧಿ ಜೀವ ಉಳಿಸುತ್ತದೆಯಾದ್ದರಿಂದ, ವೈದ್ಯರು ಬರೆದುಕೊಟ್ಟಲ್ಲಿ ಅವರು ಸೂಚಿಸಿದಷ್ಟು ದಿನವೂ ತಪ್ಪದೆ ಸೇವಿಸತಕ್ಕದ್ದು.

ಉಪಯುಕ್ತ ಬ್ಯಾಕ್ಟೀರಿಯಾಗಳನ್ನೇ ಔಷಧಿಯಂತೆ ನೀಡಿದ ಪ್ರಯೋಗಗಳೂ ನಡೆದಿವೆ. ಒಡಿಶಾದ ಗ್ರಾಮಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾವನ್ನು ಏಳು ದಿನ ನೀಡಿದ್ದರಿಂದ ರಕ್ತದ ನಂಜು ಮತ್ತು ಸಾವು ಸುಮಾರು ಶೇ. 40ರಷ್ಟು ತಗ್ಗಿದವು, ಶ್ವಾಸಕೋಶದ ಸೋಂಕುಗಳೂ ಕಡಿಮೆಯಾದವು. ಅದು ಆಯ್ದ ತಳಿಯನ್ನು ನಿಗದಿತ ಪ್ರಮಾಣದಲ್ಲಿ ನೀಡಿದ ಪ್ರಯೋಗವಾಗಿದ್ದು, ಮನೆಯ ಮೊಸರಿಗೆ ಅದೇ ಗುಣವಿದೆಯೆಂದು ಹೇಳಲಾಗದು. ಆರು ತಿಂಗಳೊಳಗಿನ ಶಿಶುಗಳಿಗೆ ಎದೆಹಾಲಿನ ಹೊರತು ಬೇರೇನನ್ನೂ ಮನೆಯಲ್ಲಿ ಕೊಡಕೂಡದು. ದೊಡ್ಡವರಿಗೆ ಮಜ್ಜಿಗೆ ಒಳ್ಳೆಯದೇ. ಆದರೆ ಮಜ್ಜಿಗೆಹುಳಿಯಂತೆ ಕುದಿಸಿದಲ್ಲಿ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ಈಗಾಗಲೇ ಬಂದಿರುವ ಫ್ಲೂ ಅಥವಾ ಕೋವಿಡ್ ಅನ್ನು ಇಂತಹ ಬ್ಯಾಕ್ಟೀರಿಯಾಗಳಿಂದ ಗುಣಪಡಿಸಬಹುದೆಂಬುದು ಸಾಬೀತಾಗಿಲ್ಲ. ಅವು ಲಸಿಕೆಗೆ ಬದಲಿಯೂ ಅಲ್ಲ.

ಉಸಿರಾಟದ ತೊಂದರೆ, ಎದೆನೋವು, ಮಂಪರು ಅಥವಾ ಮಕ್ಕಳಲ್ಲಿ ಉಸಿರಾಡುವಾಗ ಪಕ್ಕೆ ಒಳಸೆಳೆತ ಕಂಡುಬಂದಲ್ಲಿ, ಮನೆಮದ್ದಿನಲ್ಲಿ ಕಾಲ ಕಳೆಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಲು ಕೋರಲಾಗಿದೆ. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು. ಈ ಮೊದಲು ಸೇವಿಸಿದ ಮಾತ್ರೆಗಳ ಖಾಲಿ ಶೀಟು ಇದ್ದಲ್ಲಿ ವೈದ್ಯರಿಗೆ ತೋರಿಸುವುದು.