ಡೇಟಾಬೇಸ್ ಸರ್ವರ್‌ಗೆ ಯಾವ ಲಿನಕ್ಸ್? ಆಯ್ಕೆಗೆ ಮುನ್ನ ಅರಿಯಬೇಕಾದ ಸಂಗತಿಗಳು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಉತಾರ ಪಡೆಯಲು ಸರದಿಯಲ್ಲಿ ನಿಂತ ರೈತನಿಗೆ 'ಸರ್ವರ್ ಡೌನ್' ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಸಾಲಕ್ಕೂ ಜಮೀನು ಮಾರಾಟಕ್ಕೂ ಪಹಣಿಯೇ ಆಧಾರ. ದತ್ತಾಂಶವನ್ನು ಹೊತ್ತ ಯಂತ್ರ ನಿಂತರೆ ಊರಿನ ವ್ಯವಹಾರವೇ ನಿಲ್ಲುತ್ತದೆ.

ಕರ್ನಾಟಕದ 'ಭೂಮಿ' ಯೋಜನೆ ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲೂಕುಗಳಿಗೆ ಹಬ್ಬಿದ ಈ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆರಂಭದಲ್ಲಿ ಅದು ಮೈಕ್ರೋಸಾಫ್ಟ್‌ನ ವಿಂಡೋಸ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಮೇಲೆ ನಡೆಯಿತು. ಮುಂದೆ 2015ರಲ್ಲಿ ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಇಂದು ಸಹಕಾರ ಸಂಘವಾಗಲಿ, ಆಸ್ಪತ್ರೆಯಾಗಲಿ ಹೊಸ ಡೇಟಾಬೇಸ್ ಸರ್ವರ್ ಸ್ಥಾಪಿಸುವಾಗ ಲಿನಕ್ಸ್‌ನ ಯಾವ ವಿತರಣೆ ಸೂಕ್ತ ಎಂಬ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ.

ಬೆಂಬಲದ ಅವಧಿ

ಮೊದಲು ನೋಡಬೇಕಾದುದು ವೇಗವನ್ನಲ್ಲ, ಆಯುಷ್ಯವನ್ನು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ ಹಾಗೂ ಅದಕ್ಕೆ ಹೊಂದುವ ಉಚಿತ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳಿಗೆ ಸುಮಾರು 10 ವರ್ಷ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಡೆಬಿಯನ್‌ಗೆ ದೀರ್ಘಾವಧಿ ಬೆಂಬಲ ಸೇರಿ 5 ವರ್ಷ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಸಾಮಾನ್ಯವಾಗಿ 5 ವರ್ಷ. ಅಲ್ಪಾಯುಷಿ ಫೆಡೋರಾ ಈ ಕೆಲಸಕ್ಕೆ ತಕ್ಕುದಲ್ಲ.

ಸೆಂಟ್‌ಒಎಸ್‌ನ ಪಾಠವನ್ನೂ ಮರೆಯಬಾರದು. 2029ರವರೆಗೆ ಬಾಳಬೇಕಿದ್ದ ಅದರ 8ನೇ ಆವೃತ್ತಿ 2021ರ ಡಿಸೆಂಬರ್‌ನಲ್ಲೇ ಕೊನೆಗೊಂಡಿತು. 7ನೇ ಆವೃತ್ತಿಯ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು.

ತಯಾರಕರ ಮಾನ್ಯತೆ

ಒರಾಕಲ್ ಡೇಟಾಬೇಸ್ ಬಳಸುವವರು ಒರಾಕಲ್ ಲಿನಕ್ಸ್, ರೆಡ್ ಹ್ಯಾಟ್ ಮುಂತಾದ ಮಾನ್ಯ ವಿತರಣೆಗಳನ್ನೇ ಆರಿಸಬೇಕು. 2017ರ ಆವೃತ್ತಿಯಿಂದ ಲಿನಕ್ಸ್ ಮೇಲೂ ಓಡುವ ಎಸ್‌ಕ್ಯೂಎಲ್ ಸರ್ವರ್‌ಗೂ ಕೆಲವೇ ವಿತರಣೆಗಳಲ್ಲಿ ಅಧಿಕೃತ ಬೆಂಬಲವಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್, ಮಾರಿಯಾಡಿಬಿ ಬಳಸುವವರಿಗೆ ಆಯ್ಕೆ ವಿಶಾಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪ್ರತಿ ಪ್ರಮುಖ ಆವೃತ್ತಿಗೂ 5 ವರ್ಷಗಳ ಬೆಂಬಲವಿದ್ದು, ಡೆಬಿಯನ್ ಹಾಗೂ ರೆಡ್ ಹ್ಯಾಟ್ ಕುಟುಂಬಗಳೆರಡಕ್ಕೂ ಯೋಜನೆಯವರೇ ಸಿದ್ಧ ಪ್ಯಾಕೇಜ್ ನೀಡುತ್ತಾರೆ.

ಕನ್ನಡ ಹೆಸರುಗಳ ಅಕಾರಾದಿ

ಹಲವರು ಗಮನಿಸದ ಅಪಾಯ ಇಲ್ಲಿದೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮವನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನೇಕ ವೇಳೆ ಲಿನಕ್ಸ್‌ನ ಜಿಲಿಬ್‌ಸಿ ಗ್ರಂಥಾಲಯದಿಂದ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಈ ನಿಯಮಗಳನ್ನು ವ್ಯಾಪಕವಾಗಿ ಬದಲಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದರೆ ಇರುವ ಹೆಸರೇ 'ಇಲ್ಲ' ಎಂಬ ಉತ್ತರ ಬರಬಹುದು. ಒಂದೇ ದಾಖಲೆ ಎರಡು ಬಾರಿ ಸೇರಬಹುದು. ಆದ್ದರಿಂದ ವಿತರಣೆಯ ಆವೃತ್ತಿ ಬದಲಿಸಿದಾಗಲೆಲ್ಲ ಇದನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಸೂಚಿಗಳನ್ನು ಮರುನಿರ್ಮಿಸಬೇಕು. ಮುಖ್ಯ ಸರ್ವರ್ ಮತ್ತು ಅದರ ಪ್ರತಿರೂಪದ ಸರ್ವರ್ ಎರಡರಲ್ಲೂ ಒಂದೇ ಆವೃತ್ತಿ ಇರಬೇಕು.

ಸಜ್ಜುಗೊಳಿಸುವಾಗ

ಡೇಟಾಬೇಸ್‌ಗೇ ಮೀಸಲಾದ ಯಂತ್ರಕ್ಕೆ ಚಿತ್ರಾತ್ಮಕ ಪರದೆ, ಮುದ್ರಣ ಸೇವೆ ಇತ್ಯಾದಿ ಬೇಡ. ಕನಿಷ್ಠ ಅನುಸ್ಥಾಪನೆ ಸಾಕು. ತಂತ್ರಾಂಶ ಕಡಿಮೆಯಾದಷ್ಟೂ ದಾಳಿಗೆ ದಾರಿ ಕಡಿಮೆ. ರೆಡ್ ಹ್ಯಾಟ್‌ನ ಎಕ್ಸ್‌ಎಫ್‌ಎಸ್, ಡೆಬಿಯನ್‌ನ ಇಎಕ್ಸ್‌ಟಿ4 ಎರಡೂ ಕಡತ ವ್ಯವಸ್ಥೆಗಳು ವಿಶ್ವಾಸಾರ್ಹ. ವಿದ್ಯುತ್ ಪದೇ ಪದೇ ಕೈಕೊಡುವ ಊರುಗಳಲ್ಲಿ ಯುಪಿಎಸ್ ಅನಿವಾರ್ಯ. ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ. ಅದನ್ನು ಆಗಾಗ ಮರಳಿ ತೆರೆದು ನೋಡುವುದೂ ನಡೆಯಲಿ.

ಅಂತಿಮವಾಗಿ ಯಾವುದು?

ಹಣ ತೆತ್ತು ನೆರವು ಪಡೆಯಬಲ್ಲ ಸಂಸ್ಥೆಗೆ ರೆಡ್ ಹ್ಯಾಟ್. ಖರ್ಚಿಲ್ಲದೆ ದಶಕದ ನೆಮ್ಮದಿ ಬಯಸುವವರಿಗೆ ಆಲ್ಮಾ ಅಥವಾ ರಾಕಿ. ಐದು ವರ್ಷದೊಳಗೆ ಮೇಲ್ದರ್ಜೆಗೇರಿಸಲು ಸಿದ್ಧರಿರುವವರಿಗೆ ಡೆಬಿಯನ್ ಅಥವಾ ಉಬುಂಟು ಸೂಕ್ತ. ಆದರೆ ಎಲ್ಲಕ್ಕಿಂತ ಮುಖ್ಯವಾದುದು, ತಮ್ಮ ಊರಿನ ತಂತ್ರಜ್ಞನಿಗೆ ಚೆನ್ನಾಗಿ ತಿಳಿದಿರುವ ವಿತರಣೆ ಯಾವುದೆಂಬುದು. ಸರ್ವರ್ ನಿಂತ ದಿನ ಸರದಿಯಲ್ಲಿ ಕಾದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸದಂತೆ ನೋಡಿಕೊಳ್ಳುವುದು ಆ ತಂತ್ರಜ್ಞನ ಅನುಭವವೇ.