ಬೆಳಕು ಮಿಕ್ಕ ಫಲಕ

ಕಾರವಾರ ಅಂಕೋಲೆಗಳ ಕಡಲದಂಡೆಯಲ್ಲಿ ನಡುಹಗಲು ಛಾಯಾಚಿತ್ರ ತೆಗೆದ ಶ್ರೋತೃಗಳು ಬಲ್ಲರು: ಅಲ್ಲಿ ಬೆಳಕು ಆಕಾಶದಿಂದ ಮಾತ್ರವೇ ಅಲ್ಲ, ಮರಳಿನಿಂದಲೂ ನೀರಿನಿಂದಲೂ ಬರುತ್ತದೆ. ಮೈಸೂರಿನಲ್ಲಿ ರೂಢಿಯಾದ ಅಂದಾಜನ್ನು ನಂಬಿದವರ ನೆಗೆಟಿವ್ ಕತ್ತಲೆಕೋಣೆಯಲ್ಲಿ ಕಗ್ಗಪ್ಪಾಗಿ ಮೂಡುತ್ತದೆ. ದೋಣಿಯೂ ದಿಗಂತವೂ ಅದರೊಳಗೇ ಇವೆ. ಆದರೆ ಬೆಳ್ಳಿಯ ಪದರ ದಟ್ಟವಾಗಿ, ಕಾಗದಕ್ಕೆ ಇಳಿಯಲೊಲ್ಲವು.

ಒದ್ದೆ ಫಲಕದ ಕಾಲದಲ್ಲಿ ಈ ಸಂಕಟ ಇಷ್ಟಿರಲಿಲ್ಲ. ಚಿತ್ರಗಾರನು ಕಪ್ಪು ಗುಡಾರವನ್ನು ಜೊತೆಗೇ ಒಯ್ದು, ಫಲಕ ಆರುವ ಮೊದಲೇ ಚಿತ್ರವನ್ನು ಮೂಡಿಸಿ ನೋಡುತ್ತಿದ್ದನು. ಕೆಟ್ಟಿದ್ದರೆ ಅಲ್ಲಿಯೇ ಇನ್ನೊಂದು. 1871ರಲ್ಲಿ ಮ್ಯಾಡಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ ಒಣಫಲಕಕ್ಕೆ ದಾರಿ ತೋರಿಸಿದನು. ಮುಂದೆ ಗುಡಾರದ ಹೊರೆ ತಪ್ಪಿತು, ಫಲಕದ ಚುರುಕೂ ಹೆಚ್ಚಿತು; ಆದರೆ ತಪ್ಪು ಗೊತ್ತಾಗುವುದು ಮನೆಗೆ ಮರಳಿದ ಮೇಲೆ! ಆಗಲೇ ಮದ್ದಿನ ಅವಶ್ಯಕತೆ ಹೆಚ್ಚಿತು.

ಹೊವಾರ್ಡ್ ಫಾರ್ಮರನು 1883ರಲ್ಲಿ ಅಂಥದೊಂದನ್ನು ಪ್ರಕಟಿಸಿದನು. (ತರುಣ ರವೀಂದ್ರನಾಥರು ನ್ಯಾಯಾಧೀಶರಾದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿ ತಂಗಿದ್ದುದೂ ಆ ವರ್ಷವೇ.) ಅದರಲ್ಲಿರುವ ದ್ರವ್ಯಗಳು ಎರಡೇ. ಪೊಟ್ಯಾಸಿಯಂ ಫೆರಿಸಯನೈಡ್ ಬೆಳ್ಳಿಯನ್ನು ಲವಣವಾಗಿ ಮಾರ್ಪಡಿಸುತ್ತದೆ. ಹೈಪೊ ಆ ಲವಣವನ್ನು ಕರಗಿಸಿ ಒಯ್ಯುತ್ತದೆ. ಹೈಪೊವಿನ ಈ ಗುಣವನ್ನು ಹರ್ಷೆಲ್ 1819ರಲ್ಲಿಯೇ ಕಂಡಿದ್ದನು. ಅದು ಬಳಕೆಗೆ ಬರುವ ಮುನ್ನ ಟಾಲ್ಬಟನು ತನ್ನ ಚಿತ್ರಗಳನ್ನು ಉಳಿಸಿಕೊಂಡದ್ದು ಸಾಮಾನ್ಯ ಉಪ್ಪಿನಿಂದ. 1930ರಲ್ಲಿ ಅಂಕೋಲೆಯ ಸತ್ಯಾಗ್ರಹಿಗಳು ಕಾಯಿದೆ ಮುರಿದದ್ದು ಆ ವಸ್ತುವಿಗಾಗಿಯೇ.

ಬೆರೆಸಿದ ದ್ರವದ ಬಾಳು ಕೆಲವೇ ನಿಮಿಷ. ಹಳದಿ ಬಣ್ಣ ಮಾಸಿತೆಂದರೆ ಶಕ್ತಿ ಮುಗಿಯಿತು. ಅದು ಎಲ್ಲ ಕಡೆಯಿಂದಲೂ ಹೆಚ್ಚುಕಡಮೆ ಸಮನಾಗಿ ಬೆಳ್ಳಿಯನ್ನು ಕೀಳುವುದರಿಂದ, ಬೆಳಕು ಮಿಕ್ಕ ಫಲಕಕ್ಕೆ ಹೊಂದುತ್ತದೆ. ಮೂಡಿಸುವಾಗ ಹೊತ್ತು ಮೀರಿದ ಫಲಕದ ರೋಗ ಬೇರೆ: ಅದಕ್ಕೆ ಲೂಮಿಯೇರ್ ಸಹೋದರರು 1898ರಲ್ಲಿ ತಂದ ಅಮೋನಿಯಂ ಪರ್‌ಸಲ್ಫೇಟ್ ಮೇಲು, ಅದು ದಟ್ಟವಾದ ಭಾಗವನ್ನೇ ಹೆಚ್ಚಾಗಿ ತಿನ್ನುತ್ತದೆ. ಕರಾವಳಿಯ ಸೆಖೆಗೆ ಜೆಲಟಿನ್ ಮೆತ್ತಗಾಗುವುದರಿಂದ ಮೊದಲು ಪಟಿಕದ ನೀರಿನಲ್ಲಿ ಗಟ್ಟಿಮಾಡಿಕೊಳ್ಳುವುದು ಕ್ಷೇಮ.

ಕರಗಿ ಹೋದ ಬೆಳ್ಳಿ ಮರಳಿ ಬಾರದು. ನೆರಳಿನಲ್ಲಿದ್ದ ಒಂದು ಮುಖ ಅಳಿಸಿಹೋಗಲು ಅರೆನಿಮಿಷ ಸಾಕು. ಆದ್ದರಿಂದ ಬೇಕಾದ ಮಟ್ಟ ಬರುವುದಕ್ಕೆ ತುಸು ಮೊದಲೇ ಫಲಕವನ್ನೆತ್ತಿ ಹರಿಯುವ ನೀರಿಗೆ ಒಡ್ಡಬೇಕು. ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಕಗ್ಗಪ್ಪು ಫಲಕವೊಂದು ಸಿಕ್ಕಿದರೆ ಮಾತ್ರ ಈ ಮದ್ದಿನ ಬಳಿ ಒಯ್ಯಬೇಡಿ. ಈಗ ಗಣಕಯಂತ್ರವು ಅಂಥ ದಟ್ಟಣೆಯೊಳಗಿಂದಲೂ ಎಷ್ಟೋ ವಿವರವನ್ನು ಫಲಕಕ್ಕೆ ನೋವಾಗದಂತೆ ಎತ್ತಿಕೊಡುತ್ತದೆ.