ಮೊನೊಲಿತ್, ದಿ ಫೇಸ್ ಆಫ್ ಹಾಫ್ ಡೋಮ್

ಮೊನೊಲಿತ್, ದಿ ಫೇಸ್ ಆಫ್ ಹಾಫ್ ಡೋಮ್ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ (1902–1984) ಅವರು 1927ರ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಕಪ್ಪುಬಿಳುಪು ಛಾಯಾಚಿತ್ರ. ಹಾಫ್ ಡೋಮ್ ಎಂಬ ಬೃಹತ್ ಶಿಲಾಶಿಖರದ ಕಡಿದಾದ ಮುಖ ಬಹುಮಟ್ಟಿಗೆ ಕಪ್ಪಾದ ಆಕಾಶದ ಎದುರು ನಿಂತಿರುವುದು ಇದರ ವಸ್ತು. ಅದೇ ವರ್ಷ ಪ್ರಕಟವಾದ ಆಡಮ್ಸ್ ಅವರ ಮೊದಲ ಚಿತ್ರಸಂಪುಟದಲ್ಲಿ ಇದೂ ಸೇರಿತ್ತು.

ಚಿತ್ರೀಕರಣ

ಹಾಫ್ ಡೋಮ್‌ನ ಪಶ್ಚಿಮ ಭುಜದಲ್ಲಿರುವ, ಡೈವಿಂಗ್ ಬೋರ್ಡ್ ಎಂದು ಕರೆಯಲಾಗುವ ಬಂಡೆಯ ಚಾಚಿನಿಂದ ಈ ಚಿತ್ರವನ್ನು ತೆಗೆಯಲಾಯಿತು. ಆಡಮ್ಸ್ ತಮ್ಮ ಭಾವಿ ಪತ್ನಿ ವರ್ಜೀನಿಯಾ ಬೆಸ್ಟ್ ಹಾಗೂ ಕೆಲವು ಗೆಳೆಯರೊಂದಿಗೆ ಹಿಮವಿದ್ದ ಕಣಿವೆಯ ದಾರಿಯಲ್ಲಿ ಅಲ್ಲಿಗೆ ಏರಿದ್ದರು. ಅವರ ಹೊರೆಯಲ್ಲಿ ಕೊರೋನಾ ಕ್ಯಾಮೆರಾ, ಮರದ ಮುಕ್ಕಾಲಿ ಮತ್ತು 12 ಗಾಜಿನ ಫಲಕಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಶಿಲಾಮುಖವೆಲ್ಲ ನೆರಳಿನಲ್ಲಿದ್ದುದರಿಂದ, ಬಿಸಿಲು ಓರೆಯಾಗಿ ಅದರ ಮೇಲೆ ಬೀಳುವವರೆಗೆ ಕಾಯಬೇಕಾಯಿತು. ಆ ವೇಳೆಗೆ ಉಳಿದಿದ್ದವು ಎರಡೇ ಫಲಕಗಳು. ಒಂದನ್ನು ವಾಡಿಕೆಯಂತೆ ಹಳದಿ ಫಿಲ್ಟರ್ ಬಳಸಿ ತೆಗೆದರು. ಆದರೆ ಶಿಖರದ ಎದುರು ತಮಗಾದ ಅನುಭವ ಅದರಲ್ಲಿ ಬಾರದೆಂದು ಕೂಡಲೇ ಅನ್ನಿಸಿತು. ಕೊನೆಯ ಫಲಕಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಫಿಲ್ಟರ್ ಬಹಳಷ್ಟು ಬೆಳಕನ್ನು ತಡೆಯುವುದರಿಂದ ಫಲಕವನ್ನು 5 ಸೆಕೆಂಡುಗಳ ಕಾಲ ಬೆಳಕಿಗೆ ಒಡ್ಡಬೇಕಾಯಿತು. ಚಿತ್ರ ತೆಗೆಯುವ ಮೊದಲೇ ಅಂತಿಮ ಪ್ರತಿಯನ್ನು ಮನಸ್ಸಿನಲ್ಲಿ ಕಾಣುವ ಕ್ರಮವನ್ನು ತಾವು ನಿಜವಾಗಿ ಅರಿತದ್ದು ಇಲ್ಲಿಯೇ ಎಂದು ಅವರು ಮುಂದೆ ಬರೆದರು.

ಕಪ್ಪು ಆಕಾಶದ ಕಾರಣ

ಕೆಂಪು ಫಿಲ್ಟರ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ನೀಲಿ ಆಕಾಶದಿಂದ ಬಂದ ಬೆಳಕಿನಲ್ಲಿ ಹೆಚ್ಚಿನದು ಫಲಕವನ್ನು ತಲುಪದೆ, ಮುದ್ರಿತ ಪ್ರತಿಯಲ್ಲಿ ಆ ಭಾಗ ಕಪ್ಪಾಗುತ್ತದೆ. ನೆರಳುಗಳು ಬೆಳಗುವುದು ಮುಖ್ಯವಾಗಿ ಆಕಾಶದ ಬೆಳಕಿನಿಂದಲೇ ಆದ್ದರಿಂದ ಅವೂ ಗಾಢವಾಗುತ್ತವೆ. ಬಿಸಿಲು ಬಿದ್ದ ಕಲ್ಲು ಮತ್ತು ಹಿಮ ಮಾತ್ರ ಬೆಳ್ಳಗೆ ಉಳಿಯುತ್ತವೆ. ಅಂದು ಅಲ್ಲಿ ನಿಂತಿದ್ದವರ ಕಣ್ಣಿಗೆ ಇಂಥ ಆಕಾಶ ಕಂಡಿರಲಿಲ್ಲ.

ಹಾಗೆಂದು ಹಿಂದಿನ ಚಿತ್ರಗಳು ಹೆಚ್ಚು ನಿಜವಾಗಿದ್ದವೆಂದು ಹೇಳಲಾಗದು. 1861ರಲ್ಲಿ ಇದೇ ಕಣಿವೆಯನ್ನು ಚಿತ್ರಿಸಿದ ಕಾರ್ಲ್‌ಟನ್ ವಾಟ್ಕಿನ್ಸ್ ಬಳಸಿದ ಕಲೋಡಿಯನ್ ಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೇ ಸ್ಪಂದಿಸುತ್ತಿದ್ದುದರಿಂದ, ಅವುಗಳಲ್ಲಿ ಆಕಾಶ ಬರಿಯ ಬಿಳಿಯಾಗಿ ಮೂಡುತ್ತಿತ್ತು. ಎಡ್ವರ್ಡ್ ಮೈಬ್ರಿಜ್ ಕೆಲವು ಯೊಸೆಮಿಟಿ ಚಿತ್ರಗಳಿಗೆ ಬೇರೆ ನೆಗೆಟಿವ್‌ಗಳಿಂದ ಮೋಡಗಳನ್ನು ಸೇರಿಸಿದ್ದುಂಟು.

ಮಾರ್ಪಾಟಿನ ಪ್ರಶ್ನೆ

ಫಿಲ್ಟರ್‌ನಿಂದ ಛಾಯೆಗಳು ಬದಲಾದರೂ ದೃಶ್ಯದಲ್ಲಿನ ವಸ್ತುಗಳು ಇದ್ದಲ್ಲೇ ಇರುತ್ತವೆ. ಆಡಮ್ಸ್ ಈ ಗೆರೆಯನ್ನೂ ಒಮ್ಮೆ ದಾಟಿದರು. ಲೋನ್ ಪೈನ್ ಊರಿನಿಂದ ಸಿಯೆರಾ ನೆವಾಡಾ ಶ್ರೇಣಿಯನ್ನು ಚಿತ್ರಿಸಿದ ವಿಂಟರ್ ಸನ್‌ರೈಸ್ (1944) ಚಿತ್ರದಲ್ಲಿ, ಅಲ್ಲಿನ ಶಾಲಾ ವಿದ್ಯಾರ್ಥಿಗಳು ಗುಡ್ಡದ ಮೇಲೆ ಬಿಳಿಬಣ್ಣದಲ್ಲಿ ಮೂಡಿಸಿದ್ದ ಊರಿನ ಹೆಸರಿನ ಎರಡು ಮೊದಲಕ್ಷರಗಳನ್ನು ಅವರು ನೆಗೆಟಿವ್‌ನಿಂದ ಸಾಧ್ಯವಾದಷ್ಟು ಅಳಿಸಿದರು. ಉಳಿದ ಗುರುತುಗಳನ್ನು ಪ್ರತಿಗಳಲ್ಲಿ ಕೈಯಿಂದ ಮರೆಮಾಡಿದರು. ಇದಕ್ಕೆ ಕೆಲವರಿಂದ ಟೀಕೆ ಬಂದರೂ, ಬೆಟ್ಟದ ಮೇಲಿನ ಆ ಗಾಯವನ್ನು ಚಿತ್ರದಲ್ಲಿ ಶಾಶ್ವತಗೊಳಿಸಲು ಅವರು ಒಪ್ಪಲಿಲ್ಲ.